ಕುರಿಯ ಯಕೃತ್ತಿನಲ್ಲಿ ಬರೆದ ಉತ್ತರ

ಓದುಗರ ಪ್ರಶ್ನೆ – ನಮ್ಮ ಉತ್ತರ

ಮೇಜಿನ ಸುತ್ತ ಕುಳಿತು ಆಡುವ ರೋಲ್‌ಪ್ಲೇಯಿಂಗ್ ಆಟಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆಯುವಾಗ, ಅಲ್ಲಿನ ಪುರೋಹಿತ ಪಾತ್ರಗಳು ಪ್ರಾಣಿಯನ್ನು ಬಲಿಕೊಟ್ಟು ಅದರ ಒಳಾಂಗಗಳನ್ನು ನೋಡಿ ಶಕುನ ಹೇಳುವ ಮಂತ್ರವಿದ್ಯೆಯನ್ನು ಒಂದೇ ಒಂದು ವಾಕ್ಯದಲ್ಲಿ ಪ್ರಸ್ತಾಪಿಸಿದ್ದೆ. ಉಳಿದ ಲೇಖನವನ್ನೆಲ್ಲ ಬಿಟ್ಟು ಆ ವಾಕ್ಯವನ್ನೇ ಹಿಡಿದು ಬಂದ ಪತ್ರಗಳು ಈ ಸಲದ ಅಂಕಣವನ್ನು ತುಂಬಿವೆ. ಈ ಆಟಗಳ ಪರಿಚಯವಿಲ್ಲದವರಿಗಾಗಿ ಎರಡು ಮಾತು: ಗೇಮ್ ಮಾಸ್ಟರ್ ಎಂದು ಕರೆಸಿಕೊಳ್ಳುವ ಒಬ್ಬರು ಕಥೆಯನ್ನು ನಡೆಸುತ್ತಾರೆ, ಉಳಿದವರು ಆ ಕಥೆಯೊಳಗಿನ ಒಂದೊಂದು ಪಾತ್ರವಾಗಿ ಮಾತನಾಡುತ್ತಾರೆ, ಗೆಲುವು ಸೋಲು ಸಂದೇಹದಲ್ಲಿದ್ದಾಗ ದಾಳ ಉರುಳಿಸಿ ತೀರ್ಮಾನಿಸುತ್ತಾರೆ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಈ ಬಗೆಯ ಆಟಗಳಿಗೆಲ್ಲ ಹಿರಿಯಣ್ಣ.

ಪ್ರಶ್ನೆ: ಪ್ರತಿ ಭಾನುವಾರ ಸ್ನೇಹಿತರಿಗಾಗಿ ಆಟ ನಡೆಸುತ್ತೇನೆ. ನಮ್ಮ ತಂಡದಲ್ಲಿ ಪುರೋಹಿತನ ಪಾತ್ರ ವಹಿಸಿರುವವರು ಸ್ವಲ್ಪ ಅನುಮಾನ ಬಂದರೂ ಒಂದು ಮೇಕೆಯನ್ನು ಕಡಿದು "ಮುಂದೆ ಏನಾಗುತ್ತದೆ?" ಎಂದು ಕೇಳುತ್ತಾರೆ. ನಿಜ ಹೇಳಿದರೆ ಕಥೆ ಕೆಡುತ್ತದೆ, ಸುಳ್ಳು ಹೇಳಿದರೆ ಅವರ ಮಂತ್ರಕ್ಕೆ ಅನ್ಯಾಯವಾಗುತ್ತದೆ, ಒಗಟಿನಂತೆ ಹೇಳಿದರೆ ಎಲ್ಲರೂ ಜಗಳಕ್ಕೆ ಬರುತ್ತಾರೆ. ಏನು ಮಾಡಲಿ? – ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ತೊಂದರೆ ಇರುವುದು ನಿಮ್ಮ ಉತ್ತರದಲ್ಲಲ್ಲ, ಅವರ ಪ್ರಶ್ನೆಯಲ್ಲಿ. ಒಳಾಂಗ ಶಕುನವನ್ನು ಸಾವಿರಾರು ವರ್ಷ ನಿಜವಾಗಿ ನಡೆಸಿದ ಮೆಸೊಪೊಟೇಮಿಯದಲ್ಲಿ, ಎಂದರೆ ಇಂದಿನ ಇರಾಕ್ ಮತ್ತು ಸಿರಿಯಾ ಪ್ರದೇಶದಲ್ಲಿ, "ಮುಂದೆ ಏನಾಗುತ್ತದೆ?" ಎಂಬ ಪ್ರಶ್ನೆಯನ್ನು ಯಾವ ಶಕುನಜ್ಞನೂ ದೇವರ ಮುಂದಿಡುತ್ತಿರಲಿಲ್ಲ. ಅಲ್ಲಿ ಈ ವೃತ್ತಿಯವನನ್ನು ಬಾರೂ ಎಂದು ಕರೆಯುತ್ತಿದ್ದರು, ಹಾಗೆಂದರೆ ನೋಡುವವನು. ಅವನು ಸೂರ್ಯದೇವನಾದ ಶಮಾಶನ ಮುಂದೆ ಇಡುತ್ತಿದ್ದ ಪ್ರಶ್ನೆ ನಮ್ಮ ನ್ಯಾಯಾಲಯದ ಅರ್ಜಿಯಷ್ಟು ಬಿಗಿಯಾಗಿರುತ್ತಿತ್ತು. ಕ್ರಿ.ಪೂ. 7ನೇ ಶತಮಾನದಲ್ಲಿ ಆಳಿದ ಅಸ್ಸೀರಿಯದ ದೊರೆ ಏಸರ್‌ಹದ್ದೋನನ ಕಾಲದ ಇಂಥ ಪ್ರಶ್ನೆಗಳು ಮಣ್ಣಿನ ಫಲಕಗಳ ಮೇಲೆ ಉಳಿದುಕೊಂಡಿವೆ. ಕಷ್ಟರಿತು ಎಂಬ ನಾಯಕ ಕಿಶಸ್ಸು ಎಂಬ ಪಟ್ಟಣವನ್ನು ಹಿಡಿಯುವನೇ ಎಂಬುದು ಅವುಗಳಲ್ಲಿ ಒಂದು. ಇಂಥ ತಿಂಗಳ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಕಟ್ಟಿ, ಯುದ್ಧದಿಂದಲೋ ಸ್ನೇಹದ ಮಾತಿನಿಂದಲೋ ಸುರಂಗದಿಂದಲೋ ಏಣಿಯಿಂದಲೋ ಎಂದು ಊರನ್ನು ಹಿಡಿಯಬಹುದಾದ ದಾರಿಗಳನ್ನೆಲ್ಲ ಪಟ್ಟಿ ಮಾಡಿ, ಕೊನೆಯಲ್ಲಿ ಹಿಡಿಯುವನೋ ಇಲ್ಲವೋ ಎಂದಷ್ಟೇ ಕೇಳುತ್ತಾರೆ. ಅದಾದ ಮೇಲೆ ಕ್ಷಮಾಪಣೆಗಳ ಸಾಲು ಬರುತ್ತದೆ: ಕುರಿಯಲ್ಲಿ ಏನಾದರೂ ಕೊರತೆಯಿದ್ದರೆ ಎಣಿಸಬೇಡ, ಸ್ಥಳ ಮೈಲಿಗೆಯಾಗಿದ್ದರೆ ಎಣಿಸಬೇಡ, ನನ್ನ ನಾಲಿಗೆ ತೊದಲಿದ್ದರೆ ಎಣಿಸಬೇಡ.

ನಿಮ್ಮ ಮೇಜಿನಲ್ಲಿಯೂ ಇದನ್ನೇ ನಿಯಮವಾಗಿಸಿ. ಮೇಕೆಯನ್ನು ಮುಟ್ಟುವ ಮೊದಲು ಪುರೋಹಿತನ ಪಾತ್ರಧಾರಿ ಒಂದು ಚೀಟಿಯಲ್ಲಿ ಪ್ರಶ್ನೆಯನ್ನು ಬರೆಯಬೇಕು. ಅದಕ್ಕೆ ಹೌದು ಅಥವಾ ಅಲ್ಲ ಎಂಬ ಎರಡೇ ಉತ್ತರ ಸಾಧ್ಯವಾಗಬೇಕು. ಒಂದು ಅವಧಿಯನ್ನು ಹೇಳಬೇಕು. ಚೀಟಿ ಬರೆಯುವಾಗ ಉಳಿದ ಆಟಗಾರರು "ಹಾಗೆ ಕೇಳಬೇಡ, ಸೇತುವೆ ದಾಟುತ್ತೇವೆಯೇ ಎಂದಲ್ಲ, ದಾಟಿದ ಮೇಲೂ ಎಲ್ಲರೂ ಬದುಕಿರುತ್ತೇವೆಯೇ ಎಂದು ಕೇಳು" ಎಂದು ತಿದ್ದಲು ಶುರುಮಾಡುತ್ತಾರೆ. ನಾನು ನಡೆಸಿದ ಆಟಗಳಲ್ಲಿ ಬಲಿಗಿಂತ ಆ ಚರ್ಚೆಯೇ ಹೆಚ್ಚು ರಂಗೇರಿದೆ. ಮುಂದಿನ ಕಥೆಯನ್ನು ನೀವು ಬಿಚ್ಚಿಡಬೇಕಾದ ಅಗತ್ಯವೂ ತಪ್ಪುತ್ತದೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ನಿಯಮಗಳು ಈ ದಾರಿಯಲ್ಲಿ ಅರ್ಧ ನಡೆದಿವೆ ಎಂಬುದನ್ನು ಒಪ್ಪಬೇಕು. 2014ರಲ್ಲಿ ಬಂದ ಐದನೆಯ ಆವೃತ್ತಿಯ ಆಗರಿ ಎಂಬ ಮಂತ್ರ ಮುಂದಿನ 30 ನಿಮಿಷದೊಳಗೆ ಮಾಡಲಿರುವ ಒಂದು ಕೆಲಸದ ಬಗ್ಗೆ ಮಾತ್ರ ಹೇಳುತ್ತದೆ. ಶುಭ, ಅಶುಭ, ಎರಡೂ, ಎರಡೂ ಅಲ್ಲ ಎಂಬ ನಾಲ್ಕೇ ಫಲಗಳಿವೆ. ಅದಕ್ಕಿಂತ ಮೇಲಿನ ಹಂತದ ಡಿವಿನೇಶನ್ ಮಂತ್ರಕ್ಕೆ ಧೂಪದ ಜೊತೆಗೆ ದೇವರಿಗೆ ತಕ್ಕ ಬಲಿಯೊಂದನ್ನು ಕೊಡಬೇಕು, ಎರಡೂ ಸೇರಿ ಕನಿಷ್ಠ 25 ಚಿನ್ನದ ನಾಣ್ಯದಷ್ಟು ಬೆಲೆ ಬಾಳಬೇಕು, ಪ್ರಶ್ನೆ ಏಳು ದಿನದೊಳಗಿನದಾಗಿರಬೇಕು. ಆದರೆ ಆ ಬಲಿ ಏನೆಂದು ನಿಯಮದಲ್ಲಿಲ್ಲ. ಆಟಗಾರ "25 ನಾಣ್ಯ ಹೊಡೆದುಕೊಳ್ಳಿ" ಎಂದು ಹೇಳಿ ಮುಗಿಸುತ್ತಾನೆ. ಕುರಿ ಲೆಕ್ಕದ ಪುಸ್ತಕದೊಳಗೆ ಸೇರಿಹೋಗುತ್ತದೆ. ಈ ಮಂತ್ರ ಸಪ್ಪೆಯೆನಿಸುವುದು ಅಲ್ಲಿಯೇ.

ಪ್ರಶ್ನೆ: ಕರುಳನ್ನು ನೋಡಿ ಭವಿಷ್ಯ ಹೇಳುವುದು ಎಂದರೆ ನಿಜವಾಗಿ ಏನನ್ನು ನೋಡುತ್ತಿದ್ದರು? ನಾನು ರಕ್ತ, ಕರುಳು, ವಾಸನೆ ಎಂದೆಲ್ಲ ವರ್ಣಿಸಿದರೆ ಆಟಗಾರರು ಮುಖ ಸಿಂಡರಿಸುತ್ತಾರೆಯೇ ಹೊರತು ಕುತೂಹಲ ಹುಟ್ಟುವುದಿಲ್ಲ. – ಪದವಿ ವಿದ್ಯಾರ್ಥಿನಿ, ಮೈಸೂರು

ಉತ್ತರ: ಕುತೂಹಲ ಹುಟ್ಟದಿರುವುದು ಸಹಜ, ಏಕೆಂದರೆ ನೀವು ಓದುವ ಕ್ರಿಯೆಯನ್ನು ಬಿಟ್ಟು ಕೊಯ್ಯುವ ಕ್ರಿಯೆಯನ್ನು ವರ್ಣಿಸುತ್ತಿದ್ದೀರಿ. ಕರುಳು ಎಂಬ ಮಾತೂ ದಾರಿ ತಪ್ಪಿಸುತ್ತದೆ. ಮೆಸೊಪೊಟೇಮಿಯದ ಬ್ಯಾಬಿಲೋನಿನವರು ಕರುಳಿನ ಸುರುಳಿಗಳನ್ನು ಎಣಿಸುತ್ತಿದ್ದುದು ನಿಜ, ಶ್ವಾಸಕೋಶವನ್ನೂ ನೋಡುತ್ತಿದ್ದರು. ಆದರೆ ಅವರ ಮುಖ್ಯ ಪುಟ ಯಕೃತ್ತು, ಮಾಂಸದಂಗಡಿಯಲ್ಲಿ ನಾವು ಲಿವರ್ ಎಂದು ಕೇಳಿ ಪಡೆಯುವ ಭಾಗ. ಬೋಟಿ ಗೊಜ್ಜಿನ ಪ್ರಿಯರು ಬೇಸರಿಸಬಾರದು. ನಯವಾದ, ಹೊಳೆಯುವ, ಪ್ರತಿ ಕುರಿಯಲ್ಲೂ ಒಂದಿಷ್ಟು ಬೇರೆಯಾಗಿರುವ ಯಕೃತ್ತಿನ ಮೇಲೆ ಗೀರು, ಕುಳಿ, ಗಂಟು, ಬಣ್ಣದ ಬದಲಾವಣೆ ಎದ್ದು ಕಾಣುತ್ತದೆ.

ಅದರ ಒಂದೊಂದು ಭಾಗಕ್ಕೂ ಹೆಸರಿತ್ತು. ಒಂದು ಗೀರಿಗೆ ನಿಲ್ದಾಣ ಎನ್ನುತ್ತಿದ್ದರು, ದೇವರು ಬಂದು ನಿಂತಿದ್ದಾನೆಯೇ ಎಂದು ನೋಡುವ ಜಾಗ ಅದು. ಇನ್ನೊಂದು ಗೀರು ದಾರಿ. ದಂಡಯಾತ್ರೆಯ ಪ್ರಶ್ನೆಯಲ್ಲಿ ಅದಕ್ಕೆ ಮಹತ್ವ. ಒಂದು ಸೀಳು ಅರಮನೆಯ ಬಾಗಿಲು. ಮೇಲೆದ್ದು ನಿಲ್ಲುವ ಸಣ್ಣ ಹಾಲೆ ಬೆರಳು. ಅಲ್ಲಲ್ಲಿ ಏಳುವ ಮೊನಚಾದ ಗುರುತು ಆಯುಧ; ಅದು ಯಾವ ಕಡೆಗೆ ತೋರುತ್ತಿದೆ ಎಂಬುದರ ಮೇಲೆ ಫಲ. ಇವುಗಳ ಜೊತೆಗೆ ಪಿತ್ತಕೋಶ. ಈ ಗುರುತುಗಳನ್ನೆಲ್ಲ "ಹೀಗಿದ್ದರೆ ಹೀಗೆ" ಎಂಬ ವಾಕ್ಯಗಳಲ್ಲಿ ಬರೆದಿಟ್ಟ ಬಾರೂತು ಎಂಬ ಸಂಗ್ರಹ ಹತ್ತು ಭಾಗಗಳಲ್ಲಿ, ಸುಮಾರು ನೂರು ಫಲಕಗಳಷ್ಟು ಬೆಳೆದಿತ್ತು. ಕಲಿಯುವವರಿಗಾಗಿ ಮಣ್ಣಿನಲ್ಲಿ ಯಕೃತ್ತಿನ ಮಾದರಿಗಳನ್ನು ಮಾಡುತ್ತಿದ್ದರು. ಸಿರಿಯಾದ ಮಾರಿ ಎಂಬ ಪ್ರಾಚೀನ ನಗರದ ಅರಮನೆಯಲ್ಲಿ ಇಂಥ ಮೂವತ್ತಕ್ಕೂ ಹೆಚ್ಚು ಮಾದರಿಗಳು ಸಿಕ್ಕಿವೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಒಂದು ಮಾದರಿಯ ಮೈಯನ್ನು ಚೌಕಗಳಾಗಿ ವಿಂಗಡಿಸಿ ಪ್ರತಿ ಚೌಕದಲ್ಲೂ ಆ ಜಾಗದ ಗುರುತಿನ ಫಲವನ್ನು ಬರೆದಿದ್ದಾರೆ.

ಇಟಲಿಯ ಎಟ್ರುಸ್ಕನ್ ಜನ ಇದೇ ವಿದ್ಯೆಯಲ್ಲಿ ಹೆಸರಾದವರು. 1877ರ ಸೆಪ್ಟೆಂಬರ್ 26ರಂದು ಪಿಯಾಚೆಂಜಾ ನಗರದ ಬಳಿಯ ಹೊಲವೊಂದನ್ನು ಉಳುವಾಗ ಕಂಚಿನ ಯಕೃತ್ತು ಸಿಕ್ಕಿತು. ಉದ್ದ 126 ಮಿಲಿಮೀಟರ್, ಅಗಲ 76 ಮಿಲಿಮೀಟರ್, ಅಂಗೈಯಲ್ಲಿ ಹಿಡಿಯುವಷ್ಟು. ಅದರ ಅಂಚನ್ನು 16 ಮನೆಗಳಾಗಿ ಭಾಗ ಮಾಡಿದ್ದಾರೆ, ಎಟ್ರುಸ್ಕನ್ನರು ಆಕಾಶವನ್ನು ವಿಂಗಡಿಸಿದ್ದೂ 16 ಭಾಗಗಳಾಗಿಯೇ. ಮನೆಮನೆಯಲ್ಲೂ ದೇವತೆಗಳ ಹೆಸರು ಕೊರೆದಿದೆ. ಆಕಾಶದ ನಕ್ಷೆಯನ್ನು ಮಡಚಿ ಕುರಿಯ ಹೊಟ್ಟೆಯಲ್ಲಿಟ್ಟಂತೆ. ನನ್ನನ್ನು ಕೇಳಿದರೆ ಯಾವ ಫ್ಯಾಂಟಸಿ ಆಟದ ಮಾಂತ್ರಿಕ ವಸ್ತುವೂ ಇದರ ಮುಂದೆ ನಿಲ್ಲುವುದಿಲ್ಲ.

ಈಗ ನಿಮಗೆ ಬೇಕಾದ ಕೀಲಿಕೈ. ಯಕೃತ್ತಿನ ಬಲಭಾಗ ಕೇಳುವವನದು, ಎಡಭಾಗ ಶತ್ರುವಿನದು. ಬಲದಲ್ಲಿ ಒಳ್ಳೆಯ ಗುರುತಿದ್ದರೆ ಶುಭ, ಕೆಟ್ಟ ಗುರುತಿದ್ದರೆ ಅಶುಭ. ಎಡದಲ್ಲಿ ಇದು ತಲೆಕೆಳಗು: ಅಲ್ಲಿ ಕೆಟ್ಟ ಗುರುತಿದ್ದರೆ ಕೆಡುವುದು ಶತ್ರುವಿಗೆ, ಆದ್ದರಿಂದ ನಮಗೆ ಶುಭ. ಶಕುನಜ್ಞ ಶುಭ ಎಷ್ಟು ಅಶುಭ ಎಷ್ಟು ಎಂದು ಎಣಿಸಿ ತೀರ್ಪು ಹೇಳುತ್ತಿದ್ದ. ಇದನ್ನು ದಾಳಕ್ಕಿಳಿಸುವುದು ಸುಲಭ. ಮೂರು ಕೆಂಪು ದಾಳ ಬಲಭಾಗಕ್ಕೆ, ಮೂರು ಬಿಳಿ ದಾಳ ಎಡಭಾಗಕ್ಕೆ. 6 ಬಿದ್ದರೆ ಒಳ್ಳೆಯ ಗುರುತು, 1 ಬಿದ್ದರೆ ಕೆಟ್ಟ ಗುರುತು, ಉಳಿದ ಸಂಖ್ಯೆಗಳಿಗೆ ಗುರುತಿಲ್ಲ. ಮರೆಯಲ್ಲಿ ಉರುಳಿಸಿ, ನಿಜವಾದ ಉತ್ತರ ನಿಮಗೆ ಗೊತ್ತಿದ್ದರೆ ಗುರುತಿಲ್ಲದ ಒಂದು ದಾಳವನ್ನು ಆ ಕಡೆಗೆ ತಿರುಗಿಸಿಡಿ. ಅದು ದೇವರ ಕೈ. ಆಮೇಲೆ "ಬಲದಲ್ಲಿ ದಾರಿಯ ಗೀರು ನಡುವೆ ತುಂಡಾಗಿದೆ, ಎಡದಲ್ಲಿ ಅರಮನೆಯ ಬಾಗಿಲು ಮುಚ್ಚಿಕೊಂಡಿದೆ" ಎಂದು ಗುರುತುಗಳನ್ನು ಮಾತ್ರ ಹೇಳಿ, ಲೆಕ್ಕವನ್ನು ಆಟಗಾರರೇ ಮಾಡಲಿ. ನಾನು ಕೂಡಿ ಕಳೆದು ನೋಡಿದ ಪ್ರಕಾರ ಇದು ನೂರರಲ್ಲಿ ಸುಮಾರು 64 ಸಲ ಸರಿ ಹೇಳುತ್ತದೆ, 22 ಸಲ ಸಮಸಮವಾಗಿ ಉತ್ತರವೇ ಬರುವುದಿಲ್ಲ, 14 ಸಲ ತಪ್ಪು ಹೇಳುತ್ತದೆ. ನಂಬದಿರಲಾಗದಷ್ಟು ಸರಿ, ಕಣ್ಣುಮುಚ್ಚಿ ನಂಬಲಾಗದಷ್ಟು ತಪ್ಪು. ರಕ್ತದ ವರ್ಣನೆ ಒಂದು ಹನಿಯೂ ಬೇಕಾಗುವುದಿಲ್ಲ.

ಪ್ರಶ್ನೆ: ದೊಡ್ಡ ಪ್ರಾಣಿ ಬಲಿಕೊಟ್ಟರೆ ಹೆಚ್ಚು ಮಂತ್ರಶಕ್ತಿ ಸಿಗಬೇಕಲ್ಲವೇ? ಕೋಳಿಗೆ 1, ಮೇಕೆಗೆ 5, ಎತ್ತಿಗೆ 20 ಎಂಬ ಪಟ್ಟಿ ಮಾಡಿದ್ದೇನೆ. – ವಿದ್ಯಾರ್ಥಿ, ದಾವಣಗೆರೆ

ಉತ್ತರ: ನಿಮ್ಮ ಪಟ್ಟಿ ಪ್ರಾಣಿಯನ್ನು ಪೆಟ್ರೋಲ್ ಮಾಡುತ್ತದೆ. ಶಕುನದ ಬಲಿಯಲ್ಲಿ ಪ್ರಾಣಿ ಇಂಧನವಲ್ಲ, ಬರೆಯುವ ಹಲಗೆ. "ಈ ಕುರಿಯೊಳಗೆ ಇದ್ದು, ದೃಢವಾದ ಉತ್ತರವನ್ನು ಇದರಲ್ಲಿ ಇರಿಸು" ಎಂಬುದು ಶಮಾಶನಲ್ಲಿ ಮಾಡುವ ಪ್ರಾರ್ಥನೆಯ ಸಾರ. ಹಲಗೆ ದೊಡ್ಡದಾಯಿತೆಂದು ಬರಹ ಹೆಚ್ಚು ಸತ್ಯವಾಗುವುದಿಲ್ಲ. ಅದು ಸ್ವಚ್ಛವಾಗಿರಬೇಕು, ಎಂದರೆ ಪ್ರಾಣಿ ಊನವಿಲ್ಲದ್ದಾಗಿರಬೇಕು. ಆದ್ದರಿಂದ ತೂಕಕ್ಕೆ ಅಂಕ ಕೊಡುವ ಬದಲು, ಅಂಥ ಪ್ರಾಣಿ ಆ ಊರಿನಲ್ಲಿ, ಆ ಹೊತ್ತಿನಲ್ಲಿ, ಯಾರ ಬಳಿ ಇದೆ, ಅವರು ಯಾಕೆ ಕೊಡಬೇಕು ಎಂದು ಯೋಚಿಸಿ. ಪಟ್ಟಿಯನ್ನು ಹರಿದುಹಾಕಬೇಡಿ, ಅದು ಸಂತೆಯ ಬೆಲೆಪಟ್ಟಿಯಾಗಿ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಶಕುನ ಕೆಟ್ಟದಾಗಿ ಬಂದರೆ ನಮ್ಮ ಆಟಗಾರರು ಇನ್ನೊಂದು ಕುರಿಯನ್ನು ಕಡಿಯುತ್ತಾರೆ, ಮತ್ತೆ ಕೆಟ್ಟದಾದರೆ ಮತ್ತೊಂದು. ಒಳ್ಳೆಯದು ಬರುವವರೆಗೂ ನಿಲ್ಲಿಸುವುದಿಲ್ಲ. ಇದು ಮೋಸವಲ್ಲವೇ? – ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ಮೋಸವಲ್ಲ, ಇತಿಹಾಸ. ಮತ್ತೆ ಬಲಿಕೊಟ್ಟು ಪರಿಶೀಲಿಸುವುದು ಬ್ಯಾಬಿಲೋನಿನಲ್ಲಿ ಪದ್ಧತಿಯೇ ಆಗಿತ್ತು. ಕ್ರಿ.ಪೂ. 479ರಲ್ಲಿ ಗ್ರೀಸಿನ ಪ್ಲಾಟಿಯಾ ಎಂಬಲ್ಲಿ ಪರ್ಷಿಯನ್ನರ ಬಾಣಗಳು ಮಳೆಯಂತೆ ಬೀಳುತ್ತಿದ್ದರೂ ಸ್ಪಾರ್ಟಾದ ಸೇನಾಪತಿ ಪೌಸನಿಯಸ್ ತನ್ನ ಸೈನಿಕರನ್ನು ಮುಂದಕ್ಕೆ ಬಿಡಲಿಲ್ಲ, ಏಕೆಂದರೆ ಬಲಿಯ ಲಕ್ಷಣಗಳು ಒಳ್ಳೆಯದಾಗಿರಲಿಲ್ಲ. ಜನ ಸಾಯುತ್ತಿದ್ದಾರೆ, ಬಲಿ ನಡೆಯುತ್ತಿದೆ. ಕೊನೆಗೆ ಅವನು ಹೇರಾ ದೇವಿಯ ಗುಡಿಯತ್ತ ಮುಖಮಾಡಿ ಮೊರೆಯಿಟ್ಟ ಮೇಲೆ ಲಕ್ಷಣ ತಿರುಗಿತು, ಸೇನೆ ನುಗ್ಗಿತು, ಗೆದ್ದಿತು. ಎದುರಿನ ಪರ್ಷಿಯನ್ ಪಾಳೆಯದಲ್ಲೂ ಕೂಲಿ ಪಡೆದ ಗ್ರೀಕ್ ಶಕುನಜ್ಞನೊಬ್ಬ ಇದ್ದನೆಂಬುದು ನಿಮ್ಮ ಮುಂದಿನ ಕಥೆಗೆ ಒಳ್ಳೆಯ ಬೀಜ.

ಇದಕ್ಕಿಂತ ನಿಮಗೆ ಹತ್ತಿರವಾದ ಪ್ರಸಂಗವೊಂದಿದೆ, ವಿವರವಾಗಿ ಹೇಳುತ್ತೇನೆ. ಕ್ರಿ.ಪೂ. 400ರಲ್ಲಿ, ಪರ್ಷಿಯಾದ ಒಳನಾಡಿನಿಂದ ಹಿಂದಿರುಗುತ್ತಿದ್ದ ಗ್ರೀಕ್ ಕೂಲಿಸೈನಿಕರ ದಂಡು ಕಪ್ಪು ಸಮುದ್ರದ ದಕ್ಷಿಣ ದಡದಲ್ಲಿ, ಇಂದಿನ ಟರ್ಕಿಯಲ್ಲಿರುವ ಕಾಲ್ಪೆ ಎಂಬ ಬಂದರಿನಲ್ಲಿ ತಂಗಿತ್ತು. ಅವರ ನಾಯಕರಲ್ಲೊಬ್ಬನಾದ ಕ್ಸೆನೊಫೋನ್ ಹೊರಡುವುದಕ್ಕಾಗಿ ಬಲಿಕೊಟ್ಟು ಕೇಳಿದ. ಲಕ್ಷಣ ಕೂಡಿಬರಲಿಲ್ಲ. ದಂಡಿನಲ್ಲಿ ಗುಸುಗುಸು ಶುರುವಾಯಿತು: ಇವನಿಗೆ ಇಲ್ಲಿಯೇ ಊರು ಕಟ್ಟುವ ಆಸೆ, ಅದಕ್ಕೇ ಶಕುನಜ್ಞನಿಗೆ ಹೇಳಿಕೊಟ್ಟಿದ್ದಾನೆ. ಕ್ಸೆನೊಫೋನ್ ಡಂಗುರ ಸಾರಿಸಿದ: ಬೇಕಾದವರು ಬಂದು ಬಲಿಯನ್ನು ನೋಡಲಿ, ಶಕುನ ಬಲ್ಲವರು ದಂಡಿನಲ್ಲಿದ್ದರೆ ಬಂದು ಪರೀಕ್ಷಿಸಲಿ. ಎಲ್ಲರೆದುರಿಗೆ ಮೂರು ಸಲ ಬಲಿಯಾಯಿತು, ಮೂರು ಸಲವೂ ಬೇಡವೆಂದೇ ಬಂತು. ಆಹಾರ ಮುಗಿಯುತ್ತಿತ್ತು. ಮರುದಿನವೂ ಹಾಗೆಯೇ. ಕುರಿಗಳು ಮುಗಿದು ಬಂಡಿಯ ಎತ್ತುಗಳನ್ನೇ ಕೊಂಡು ಬಲಿಕೊಡಬೇಕಾಯಿತು. ಹಸಿವು ತಾಳದೆ ನೆಯೋನ್ ಎಂಬ ನಾಯಕ ಶಕುನವನ್ನು ಬದಿಗಿಟ್ಟು ಸುಮಾರು 2,000 ಜನರೊಂದಿಗೆ ಧಾನ್ಯ ಹುಡುಕಿಕೊಂಡು ಹೊರಟ. ಶತ್ರುವಿನ ಕುದುರೆ ಸವಾರರು ಎರಗಿ 500ಕ್ಕೆ ಕಡಿಮೆಯಿಲ್ಲದಷ್ಟು ಜನರನ್ನು ಕೊಂದರು. ಇದಾದ ಮರುದಿನ ಹಿಟ್ಟು, ದ್ರಾಕ್ಷಾಮದ್ಯ ಮತ್ತು ಬಲಿಪ್ರಾಣಿಗಳನ್ನು ಹೊತ್ತ ಹಡಗು ಬಂತು. ಬೆಳಗ್ಗೆ ಎದ್ದು ಬಲಿಕೊಟ್ಟರೆ ಮೊದಲ ಪ್ರಾಣಿಯಲ್ಲಿಯೇ ಶುಭ ಕಂಡಿತು. ಇದನ್ನು ಬರೆದಿಟ್ಟವನು ಕ್ಸೆನೊಫೋನನೇ ಎಂಬುದನ್ನು ಮರೆಯದೆ ಓದಬೇಕು.

ಇಲ್ಲಿ ಕುರಿ ಕಡಿಯುವುದನ್ನು ನಿಲ್ಲಿಸಿದ್ದು ಯಾವ ನಿಯಮವೂ ಅಲ್ಲ. ಪ್ರತಿ ಬಲಿಯೂ ಒಂದು ಹೊತ್ತಿನ ಊಟವನ್ನು, ಬಂಡಿ ಎಳೆಯುವ ಎತ್ತನ್ನು, ನಾಯಕನ ಮೇಲಿನ ನಂಬಿಕೆಯನ್ನು ತಿಂದಿತು. ನಿಮ್ಮ ಆಟಗಾರರು ಎರಡನೆಯ ಕುರಿಯನ್ನು ಕೇಳಿದಾಗ ಬೇಡವೆನ್ನಬೇಡಿ. ಕುರಿ ಎಲ್ಲಿಂದ ಬಂತು ಎಂದು ಕೇಳಿ. ಮೂರನೆಯದಕ್ಕೆ ಪಾಳೆಯದ ಅಡುಗೆಯವನು ಬಂದು ಬಾಗಿಲಲ್ಲಿ ನಿಲ್ಲಲಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 2014ರ ಆವೃತ್ತಿಯಲ್ಲಿ ಇದೇ ತೊಂದರೆಗೆ ಒಂದು ಮದ್ದು ಮಾಡಿದೆ: ದೀರ್ಘ ವಿಶ್ರಾಂತಿಗೆ ಮೊದಲು ಆಗರಿಯನ್ನು ಮತ್ತೆ ಪ್ರಯೋಗಿಸಿದರೆ, ಮೊದಲನೆಯದರ ನಂತರದ ಪ್ರತಿ ಪ್ರಯೋಗಕ್ಕೂ ಶೇಕಡಾ 25ರಂತೆ ಗೊತ್ತುಗುರಿಯಿಲ್ಲದ ಫಲದ ಸಾಧ್ಯತೆ ಕೂಡುತ್ತ ಹೋಗುತ್ತದೆ. ನಿಯಮವಾಗಿ ಚೊಕ್ಕ, ಆದರೆ ಅದರಲ್ಲಿ ಹಸಿದವರಿಲ್ಲ.

ಇನ್ನೊಂದು ಉಪಾಯವನ್ನು ರೋಮ್‌ನಿಂದ ಎರವಲು ಪಡೆಯಬಹುದು. ಕ್ರಿ.ಪೂ. 208ರಲ್ಲಿ ಶತ್ರು ಸೇನಾಪತಿ ಹ್ಯಾನಿಬಲ್‌ನನ್ನು ಎದುರಿಸಲು ಹೊರಟಿದ್ದ, ಕಾನ್ಸಲ್ ಎಂಬ ಉನ್ನತ ಹುದ್ದೆಯ ಮಾರ್ಸೆಲಸ್ ಬಲಿಕೊಟ್ಟಾಗ ಮೊದಲ ಪ್ರಾಣಿಯ ಯಕೃತ್ತಿಗೆ ತಲೆ ಎಂದು ಕರೆಯುವ ಭಾಗವೇ ಇರಲಿಲ್ಲವಂತೆ. ಎರಡನೆಯದರಲ್ಲಿ ಎಲ್ಲವೂ ಇತ್ತು, ತಲೆ ಇರಬೇಕಾದುದಕ್ಕಿಂತ ದೊಡ್ಡದಾಗಿಯೇ ಇತ್ತು. ಶಕುನಜ್ಞನಿಗೆ ಅದರಿಂದ ಸಮಾಧಾನವಾಗಲಿಲ್ಲ. ಅಷ್ಟು ಕೊರತೆಯ ಹಿಂದೆಯೇ ಇಷ್ಟು ಸಮೃದ್ಧಿ ಬಂದದ್ದೇ ಅವನಿಗೆ ಅನುಮಾನ. ಮಾರ್ಸೆಲಸ್ ಸ್ಥಳ ನೋಡಲು ಗುಡ್ಡಕ್ಕೆ ಹೋಗಿ ಹೊಂಚುದಾಳಿಗೆ ಸಿಕ್ಕಿ ಸತ್ತ. ನಿಮ್ಮ ಆಟಗಾರರಿಗೂ ಎರಡನೆಯ ಕುರಿಯಲ್ಲಿ ಆರೂ ಗುರುತುಗಳನ್ನು ಶುಭವಾಗಿಯೇ ಕೊಟ್ಟು ನೋಡಿ. ಮೂರನೆಯ ಕುರಿಯನ್ನು ಯಾರೂ ಕೇಳಲಾರರು.

ಪ್ರಶ್ನೆ: ನಮ್ಮ ಉತ್ತರ ಕರ್ನಾಟಕದ ಹಳ್ಳಿಯಂಥ ಲೋಕವೊಂದನ್ನು ಆಟಕ್ಕಾಗಿ ಕಟ್ಟುತ್ತಿದ್ದೇನೆ. ಅಲ್ಲಿನ ಪೂಜಾರಿ ಕುರಿಯ ಲಿವರ್ ನೋಡಿ ಶಕುನ ಹೇಳಬಹುದೇ? – ಗ್ರಾಫಿಕ್ ಡಿಸೈನರ್, ಕೊಪ್ಪಳ

ಉತ್ತರ: ಹೇಳಿಸಬಹುದು, ಆದರೆ ಅದು ಬ್ಯಾಬಿಲೋನಿನ ವಿದ್ಯೆಗೆ ಕಂಬಳಿ ಹೊದಿಸಿದಂತಾಗುತ್ತದೆ. ನಮ್ಮ ಕಡೆ ಹರಕೆಯ ಬಲಿ ಬೇರೆ, ಶಕುನ ಕೇಳುವುದು ಬೇರೆ. ದೇವರ ಬಲಗಡೆಯಿಂದ ಹೂ ಬೀಳುತ್ತದೆಯೋ ಎಡಗಡೆಯಿಂದಲೋ ಎಂದು ಕಾದು ಕೂರುವ ಹೂಪ್ರಸಾದ, ಕವಡೆ ಶಾಸ್ತ್ರ, ಕಣಿ, ಬುಡುಬುಡಿಕೆಯವರ ಹಾಲಕ್ಕಿ ನುಡಿ, ಇವಾವುದಕ್ಕೂ ರಕ್ತ ಬೇಡ. ಬಲಕ್ಕೊಂದು ಫಲ, ಎಡಕ್ಕೊಂದು ಫಲ ಎಂಬ ಲೆಕ್ಕ ಹೂಪ್ರಸಾದದಲ್ಲೂ ಇರುವುದನ್ನು ಗಮನಿಸಿ. ದಾಳದ ನಿಯಮವನ್ನು ಅದಕ್ಕೆ ಹೊಂದಿಸುವುದು ಕಷ್ಟವಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಜಾತ್ರೆಯ ದಿನ ಗೊರವಯ್ಯ ಎತ್ತರದ ಬಿಲ್ಲನ್ನೇರಿ, "ಸದ್ದಲೇ" ಎಂದು ಜನಸಾಗರವನ್ನು ಸುಮ್ಮನಾಗಿಸಿ ನುಡಿಯುವ ಕಾರಣಿಕ ಒಂದೇ ಸಾಲಿನದು. ಅದು ಮಳೆಗೋ ಬೆಳೆಗೋ ರಾಜಕೀಯಕ್ಕೋ ಎಂದು ಮುಂದಿನ ಜಾತ್ರೆಯವರೆಗೂ ಚರ್ಚೆ ನಡೆಯುತ್ತದೆ. ನಿಮ್ಮ ಲೋಕಕ್ಕೆ ಬೇಕಾದ ರಹಸ್ಯ ಅದರಲ್ಲಿಯೇ ಇದೆ. ಒಳಾಂಗ ನೋಡುವ ಪದ್ಧತಿಯೇ ಬೇಕೆಂದರೆ ಭಾರತದಲ್ಲಿ ಅದು ಈಶಾನ್ಯದ ಕಡೆ ಸಿಗುತ್ತದೆ: ಅರುಣಾಚಲ ಪ್ರದೇಶದ ಅಪಾತಾನಿ ಜನರಲ್ಲಿ ಕೋಳಿಯ ಯಕೃತ್ತನ್ನು, ಮೇಘಾಲಯದ ಖಾಸಿಗಳಲ್ಲಿ ಕೋಳಿಯ ಕರುಳನ್ನು ಮತ್ತು ಒಡೆದ ಮೊಟ್ಟೆಯ ಚಿಪ್ಪುಗಳನ್ನು ನೋಡುತ್ತಾರೆ. ಬದುಕಿರುವ ಆಚರಣೆಗಳನ್ನು ಆಟಕ್ಕೆ ತರುವಾಗ ಹೆಸರು ಬದಲಿಸಿಕೊಳ್ಳುವುದು ಸೌಜನ್ಯ.

ಪ್ರಶ್ನೆ: ಹದಿನಾಲ್ಕು ವರ್ಷದ ನನ್ನ ಮಗ ಊಟಕ್ಕೆ ಕುಳಿತಾಗ "ಇವತ್ತು ಎರಡು ಮೇಕೆ ಬಲಿಕೊಟ್ಟೆವು" ಎಂದು ಖುಷಿಯಿಂದ ಹೇಳಿದ. ಆಟವೇ ಆದರೂ ಮನಸ್ಸಿನಲ್ಲಿ ಕೊಂದಂತೆಯೇ ಅಲ್ಲವೇ? ಜನ್ನ ಹೇಳಿದ್ದು ಇದನ್ನೇ ತಾನೇ? – ಕನ್ನಡ ಶಿಕ್ಷಕಿ, ತುಮಕೂರು

ಉತ್ತರ: ಈ ಕಂತಿನ ಅತ್ಯಂತ ಕಷ್ಟದ ಪ್ರಶ್ನೆ ನಿಮ್ಮದು, ಮೇಡಂ. ಜನ್ನ 1209ರಲ್ಲಿ ಬರೆದ ಯಶೋಧರ ಚರಿತೆ ನೆನಪಾಗುವುದು ಸರಿಯೇ. ಕೆಟ್ಟ ಕನಸಿನ ಪರಿಹಾರಕ್ಕೆ ಬಲಿಕೊಡು ಎಂದು ತಾಯಿ ಚಂದ್ರಮತಿ ಒತ್ತಾಯಿಸಿದಾಗ, ಜೀವವಧೆಗೆ ಒಪ್ಪದ ಯಶೋಧರ ಕೊನೆಗೆ ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಆ ಸಂಕಲ್ಪ ಹಿಂಸೆಗಾಗಿ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಜನ್ಮಜನ್ಮಾಂತರ ಅಲೆಯುತ್ತಾರೆ. ದಾಳದ ಮೇಜಿನ ಮೇಲಿನ ಮೇಕೆ ಹಿಟ್ಟಿನ ಕೋಳಿಗಿಂತಲೂ ತೆಳುವಾದುದು, ಅದಕ್ಕೆ ಹಿಟ್ಟೂ ಇಲ್ಲ.

ಆದರೂ ನಾನು ಒಂದು ವ್ಯತ್ಯಾಸವನ್ನು ಕಾಣುತ್ತೇನೆ. ಯಶೋಧರನಿಗೆ ಬಲಿಯ ಫಲ ಬೇಕಿತ್ತು. ಹಿಟ್ಟಿನ ಕೋಳಿ ನಿಜವಾದ ಕೋಳಿಯ ಬದಲಿಯಾಗಿ ನಿಂತಿತ್ತು, ದೇವಿ ಅದನ್ನು ಸ್ವೀಕರಿಸಲಿ ಎಂಬುದೇ ಅವನ ಬಯಕೆಯಾಗಿತ್ತು. ನಿಮ್ಮ ಮಗ ಯಾವ ದೇವತೆಯಿಂದಲೂ ಏನನ್ನೂ ಬಯಸಿ ಮೇಕೆಯ ಹೆಸರು ಹೇಳಿದ್ದಲ್ಲ. ಅವನು ಕಥೆಯೊಂದರೊಳಗಿನ ಮನುಷ್ಯ ಬಯಸಿದ್ದನ್ನು ಆಡಿದ್ದಾನೆ, ನೀವು ತರಗತಿಯಲ್ಲಿ ಚಂದ್ರಮತಿಯ ಮಾತನ್ನು ಓದಿ ಹೇಳುವಂತೆ. ನನಗೆ ಕಳವಳ ತರುವುದು ಬಲಿಯಲ್ಲ, "ಎರಡು ಮೇಕೆ" ಎಂಬ ಎಣಿಕೆ. ಬಲಿ ಅಗ್ಗವಾದ ಆಟದಲ್ಲಿ ಮೇಕೆ ಬರಿಯ ಸಂಖ್ಯೆ. ಆಟ ನಡೆಸುವವರಿಗೆ ನನ್ನ ಕೋರಿಕೆ ಇಷ್ಟೇ: ಮೊದಲ ದಿನವೇ ಎಲ್ಲರನ್ನೂ ಕೇಳಿ, ಒಬ್ಬರಿಗೆ ಬೇಡವೆನಿಸಿದರೂ ಬಲಿಯ ದೃಶ್ಯವನ್ನು ತೆರೆಯ ಹಿಂದಿಡಿ; ಮಕ್ಕಳ ತಂಡವಾದರೆ ಹೂವು, ಕವಡೆ, ಹಕ್ಕಿ ಸಾಕು. ನಿಮ್ಮ ಮಗನನ್ನು ಆ ಮೇಕೆಗಳು ಯಾರವಾಗಿದ್ದವು ಎಂದು ಕೇಳಿ ನೋಡಿ. ಅವನು ಉತ್ತರ ಹುಡುಕಲು ಹೊರಟರೆ ಮುಂದಿನ ವಾರದ ಆಟ ಬೇರೆಯಾಗುತ್ತದೆ. ನಿಜವಾದ ಬಲಿಯ ಮಾತು ಬಂದರೆ, ನಮ್ಮ ರಾಜ್ಯದಲ್ಲಿ ಪ್ರಾಣಿಬಲಿಯನ್ನು ತಡೆಯುವ ಕಾಯ್ದೆ 1959ರಿಂದಲೇ ಇದೆ ಎಂಬುದನ್ನೂ ಅವನಿಗೆ ತಿಳಿಸಬಹುದು.

ಪ್ರಶ್ನೆ: ನನ್ನ ಪಾತ್ರ ಶಕುನ ಬಲ್ಲವನಂತೆ ನಟಿಸುವ ವಂಚಕ. ಹಿಂದೆ ಇಂಥವರು ಇದ್ದರೇ? ಅವನು ಹೇಗೆ ಮೋಸ ಮಾಡಬೇಕು? – ರಂಗಕಲಾವಿದ, ಧಾರವಾಡ

ಉತ್ತರ: ಇದ್ದರೆಂಬ ಅನುಮಾನವಂತೂ ಧಾರಾಳವಾಗಿತ್ತು. ಮಾರಿಯ ಅರಸ ತನ್ನ ಶಕುನಜ್ಞರಿಂದ, ಕಂಡದ್ದನ್ನು ಮುಚ್ಚಿಡುವುದಿಲ್ಲ, ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ ಎಂದು ಪ್ರಮಾಣ ಮಾಡಿಸಿಕೊಳ್ಳುತ್ತಿದ್ದ. ಒಬ್ಬ ಶಕುನಜ್ಞ ಇನ್ನೊಬ್ಬನನ್ನು ಕಂಡಾಗ ನಗದೆ ಹೇಗಿರುತ್ತಾನೆ ಎಂದು ರೋಮ್‌ನ ಕೇಟೋ ಆಶ್ಚರ್ಯಪಡುತ್ತಿದ್ದನೆಂದು ಅಲ್ಲಿನದೇ ಲೇಖಕ ಸಿಸೆರೋ ಬರೆದಿದ್ದಾನೆ. ನಿಮ್ಮ ಪಾತ್ರಕ್ಕೆ ತಕ್ಕ ಕೈಚಳಕವನ್ನು ಪ್ರಾಚೀನ ಲೇಖಕರು ಒಬ್ಬೊಬ್ಬರು ಒಬ್ಬೊಬ್ಬ ರಾಜನ ಹೆಸರಿನಲ್ಲಿ ಹೇಳುತ್ತಾರೆ: ಸ್ಪಾರ್ಟಾದ ಅಗೆಸಿಲಾವಸ್, ಅಲೆಕ್ಸಾಂಡರ್, ಪೆರ್ಗಮನ್ನಿನ ಅಟ್ಟಾಲಸ್. ಹೆದರಿದ ಸೈನ್ಯಕ್ಕೆ ಧೈರ್ಯ ತುಂಬಬೇಕು. ಶಕುನ ನೋಡುವವನು ಅಂಗೈಯಲ್ಲಿ ಗೆಲುವು ಎಂಬರ್ಥದ ಪದವನ್ನು ಮಸಿಯಿಂದ ತಿರುಗಾಮುರುಗಾ ಬರೆದುಕೊಂಡು, ಬಿಸಿಯಾದ ಯಕೃತ್ತನ್ನು ಕೈಗೆತ್ತಿಕೊಂಡು ಒತ್ತಿಹಿಡಿಯುತ್ತಾನೆ. ಕೈ ತೆಗೆದರೆ ದೇವರೇ ಬರೆದಂತೆ ಅಕ್ಷರಗಳು.

ನಿಮ್ಮ ಗೇಮ್ ಮಾಸ್ಟರ್ ಇದಕ್ಕೆ ದಾಳ ಹಾಕಿಸುತ್ತೇನೆಂದರೆ ಒಪ್ಪಬೇಡಿ. ಅಂಗೈಯಲ್ಲಿ ಸ್ಕೆಚ್ ಪೆನ್ನಿನಿಂದ "ಜಯ" ಎಂದು ಕನ್ನಡಿಯಲ್ಲಿ ಕಾಣುವಂತೆ ಬರೆದು, ಎಲ್ಲರೂ ನೋಡುತ್ತಿರುವಾಗಲೇ ಒಂದು ಹಾಳೆಯ ಮೇಲೆ ಒತ್ತಿ. ಓದಲು ಬಂದರೆ ಸೈನ್ಯ ಹೊರಡುತ್ತದೆ. ಜ ಬಲಕ್ಕೂ ಯ ಎಡಕ್ಕೂ ಹೊರಳಿಕೊಂಡರೆ ಪಾಳೆಯದಲ್ಲಿ ನಿಮ್ಮ ಪಾತ್ರಕ್ಕೆ ಉಳಿದಿರುವುದು ಓಡುವ ದಾರಿಯೊಂದೇ.